ದಂಡಿನ ನ್ಯಾಯಾಧಿಕಾರಿ

ವರದಾ ನದಿಯ ದಡದ ಮಠವೊಂದರಲ್ಲಿ ಭವರುದ್ರ ಭಟ್ಟರು ಧರ್ಮಶಾಸ್ತ್ರವನ್ನು ಬೋಧಿಸುತ್ತಿದ್ದರು. ಅವರ ಶಿಷ್ಯನಾದ ಬೊಪ್ಪರಸನು ಒಂದು ಬೆಳಿಗ್ಗೆ ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಬಂದು ನಮಸ್ಕರಿಸಿದನು.

“ದಂಡನಾಯಕರು ನನ್ನನ್ನು ಪಡೆಯ ನ್ಯಾಯಾಧಿಕಾರಿಯಾಗಿ ನೇಮಿಸಿದ್ದಾರೆ. ಆಶೀರ್ವದಿಸಬೇಕು.”

“ನಿನ್ನನ್ನೇ ಏಕೆ?”

“ನನ್ನ ಪಾಂಡಿತ್ಯವನ್ನು ಮೆಚ್ಚಿ.”

“ಪಾಂಡಿತ್ಯವುಳ್ಳವರು ಈ ಮಠದಲ್ಲಿ ಹನ್ನೊಂದು ಮಂದಿ ಇದ್ದಾರಪ್ಪ. ಕತ್ತಿಗೆ ಆಸೆಪಟ್ಟವನು ನೀನೊಬ್ಬನೇ. ದಂಡನಾಯಕರಿಗೆ ಅದೂ ತಿಳಿದಿರಬೇಕು.”

ಬೊಪ್ಪರಸನ ಮುಖ ಕೆಂಪಾಯಿತು. “ದಂಡಿಗೆ ಧರ್ಮ ಬೇಡವೇ, ಗುರುಗಳೇ? ನಾಳೆ ಮಲೆಯನ ವಿಚಾರಣೆ, ಊರೆಲ್ಲ ಆಡಿಕೊಳ್ಳುತ್ತಿರುವ ಆ ಕಾವಲಿನವನದು. ಶಾಸ್ತ್ರ ಬಲ್ಲವನೊಬ್ಬನು ಅವನ ಪರವಾಗಿ ನುಡಿಯದಿದ್ದರೆ ಮಧ್ಯಾಹ್ನದೊಳಗೆ ಶೂಲಕ್ಕೇರಿಸುತ್ತಾರೆ.”

“ನುಡಿಯುವವನು ನೀನೋ?”

“ನಾನೇ.”

“ಹಾಗಾದರೆ ಇಲ್ಲಿಯೇ ನುಡಿ. ನಾನು ಎದುರು ಪಕ್ಷ.”

ಆ ಮಠದಲ್ಲಿ ವಾದಕ್ಕೆ ಕುಳಿತವರು ಅದು ಮುಗಿಯುವ ತನಕ ಏಳುತ್ತಿರಲಿಲ್ಲ. ಅರಸನೇ ಬಂದರೂ ಸರಿ. ಗುರುವೂ ಶಿಷ್ಯನೂ ಒಂದೇ ಚಾಪೆಯ ಮೇಲೆ ಎದುರುಬದುರಾಗಿ ಕುಳಿತರು.

“ಮಲೆಯನು ಕಾವಲು ಬಿಟ್ಟು ಹೋದನು,” ಎಂದರು ಗುರುಗಳು. “ಹಗೆಗಳು ಮೂರು ಕುದುರೆಗಳನ್ನು ಹೊಡೆದುಕೊಂಡು ಹೋದರು. ಸಾಯಲಿ.”

“ಜೊತೆಗಾರನಿಗೆ ಹಾವು ಕಚ್ಚಿತ್ತು. ಹೊತ್ತುಕೊಂಡು ವೈದ್ಯನಲ್ಲಿಗೆ ಓಡಿದನು. ಓಡುವ ಮೊದಲು ಮೂರು ಸಲ ಕೊಂಬನ್ನೂ ಊದಿದ್ದನು. ಆ ಕೂಗಿಗೆ ಬೇರೊಬ್ಬನನ್ನು ಕಳುಹಿಸಬೇಕಾಗಿದ್ದವರು ಸ್ವತಃ ದಂಡನಾಯಕ—”

ಹೊರಗೆ ಗೊರಸಿನ ಸದ್ದಾಯಿತು. ದಂಡನಾಯಕ ಕಲಿಮರಸನು ಒಳಗೆ ಬಂದನು.

ಬೊಪ್ಪರಸನು ಥಟ್ಟನೆ ಎದ್ದು ನಿಂತನು.

“ಏಳೆಂದು ನಾನು ಹೇಳಲಿಲ್ಲವಲ್ಲಯ್ಯ!” ದಂಡನಾಯಕನು ನಕ್ಕನು. “ನಮ್ಮ ಮಲೆಯನ ಮಾತೇ? ನಡೆಯಲಿ, ನಡೆಯಲಿ. ನಾವೂ ಕೇಳೋಣ.”

ಗುರುಗಳು ಕದಲಲಿಲ್ಲ. ಶಿಷ್ಯನ ಮುಖವನ್ನೇ ನೋಡುತ್ತ ಕೇಳಿದರು: “ಕೊಂಬು ಊದಿದನು. ಆಮೇಲೆ?”

ಬೊಪ್ಪರಸನು ನಿಂತೇ ಇದ್ದನು. “ಊದಿದೆನೆಂದು ಅವನು ಹೇಳುತ್ತಾನೆ. ಅದಕ್ಕೆ... ಸಾಕ್ಷಿ ಸಾಲದು.”

“ಭಲೆ! ಇಂಥ ಪಂಡಿತನನ್ನೇ ನಾನು ಹುಡುಕುತ್ತಿದ್ದೆ,” ಎಂದು ದಂಡನಾಯಕನು ಅವನ ಬೆನ್ನು ತಟ್ಟಿದನು. “ಬೇಗ ಬಾ.” ಕುದುರೆಗೆ ನೀರು ಕುಡಿಸಲು ನದಿಯ ಕಡೆಗೆ ಇಳಿದು ಹೋದನು.

ಶಿಷ್ಯನು ಗುರುಗಳ ಪಾದಕ್ಕೆ ಬಾಗಿದನು. ಅವರು ಪಾದಗಳನ್ನು ಹಿಂದಕ್ಕೆ ಎಳೆದುಕೊಂಡರು.

“ಅವರು ನನ್ನ ದಂಡನಾಯಕರು. ಏಳದೆ ಹೇಗಿರಲಿ, ಗುರುಗಳೇ?”

“ದಂಡನಾಯಕರು ಮಲೆಯನಿಗೂ ಇದ್ದಾರೆ, ಮಗು. ಅವನ ಪರವಾಗಿ ನುಡಿಯಲು ಇಲ್ಲವಾದವನು ನೀನು.”