ಗೋಸುಂಬೆ ಮನೆಯವರ ಫೋಟೊ

ಹೊಂಗೆ ಮರದ ಗೋಸುಂಬೆ ಸಂಸಾರ ಮನೆಮಂದಿಯ ಫೋಟೊ ತೆಗೆಸಲು ನಿಶ್ಚಯಿಸಿತು. ಗೋಸುಂಬೆಗಳಿಗೆ ಮೈಬಣ್ಣವೇ ಬಟ್ಟೆ. ಯಾವುದನ್ನು ತೊಡುವುದೆಂದು ಬೆಳಗಿನಿಂದ ಚರ್ಚೆ ನಡೆಯಿತು.

“ಎಲ್ಲರೂ ಒಂದೇ ಬಣ್ಣ ತೊಡೋಣ. ಹಿಂದಿರುವ ಎಲೆಗಳಿಗೂ ಅದು ಹೊಂದಬೇಕು,” ಎಂದಳು ಮನೆಯ ಸೊಸೆ.

ಗಂಡ, ಮಕ್ಕಳು, ಮೈದುನ ಎಲ್ಲರೂ ಎಲೆಹಸಿರಾದರು. ಮುದಿ ಅತ್ತೆಗೆ ಮಾತ್ರ ಆಗಲಿಲ್ಲ. ವಯಸ್ಸಾದ ಅವಳ ಚರ್ಮ ಬಣ್ಣ ಬದಲಿಸುವುದನ್ನೇ ಮರೆತು ಕಂದಾಗಿ ಉಳಿದಿತ್ತು.

“ಅತ್ತೆ, ನೀವು ತುದಿಗೆ ನಿಂತುಕೊಳ್ಳಿ. ಇಲ್ಲದಿದ್ದರೆ ಫೋಟೊ ಕೆಡುತ್ತದೆ.”

“ಆಗಲಮ್ಮ,” ಎಂದು ಮುದುಕಿ ಕೊಂಬೆಯ ತುದಿಗೆ ಸರಿದಳು.

ಫೋಟೊಗ್ರಾಫರ್ ಕೊಕ್ಕರೆ ಒಂಟಿಕಾಲಿನಲ್ಲಿ ನಿಂತು ಕ್ಯಾಮೆರಾದಲ್ಲಿ ಇಣುಕಿತು. “ಅಜ್ಜಿ ಸಿದ್ಧರಾಗಿದ್ದಾರೆ. ಮಿಕ್ಕವರು ಯಾವಾಗ ಬರುತ್ತಾರೆ?”

ಸೊಸೆ ಹಿಗ್ಗಿದಳು. “ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದೇವೆ ನೋಡಿ! ಎಲ್ಲರೂ ಇಲ್ಲೇ ಇದ್ದೇವೆ, ತೆಗೆಯಿರಿ.”

ಫೋಟೊ ಬಂತು, ಪೊಟರೆಯ ಗೋಡೆ ಏರಿತು. ಮರುವರ್ಷ ಮೊಟ್ಟೆಯೊಡೆದು ಬಂದ ಮರಿಯೊಂದು ಎರಡೂ ಕಣ್ಣು ಹೊರಳಿಸುತ್ತ ಅದನ್ನು ಬಹಳ ಹೊತ್ತು ನೋಡಿತು. ಆಮೇಲೆ ಕೇಳಿತು:

“ಅಮ್ಮ, ಅಜ್ಜಿ ಫೋಟೊ ತೆಗೆಸಿಕೊಂಡ ದಿನ ನೀವೆಲ್ಲ ಎಲ್ಲಿಗೆ ಹೋಗಿದ್ದಿರಿ?”