ಮಂಚದ ಕಾಲಿನ ದಾರ

ಮಠದ ಆರೈಕೆ ಮನೆಯನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ ಗುರುಗಳ ಬಳಿ ಬಂದ. ಅಲ್ಲಿ ಅಡುಗೆಯ ಗುರುಬಸಯ್ಯ ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದ. ಕಾಯಿಲೆಯವರ ಶುಶ್ರೂಷೆ ಯಾವ ದೇಶದಲ್ಲಿ ಚೆನ್ನಾಗಿದೆ, ಅದನ್ನು ಅಳೆದು ಹೋಲಿಸುವುದು ಹೇಗೆ ಎಂದು ಶಿಷ್ಯ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಅಧಿಕಾರಿಯಿದ್ದ. ತಾಯಿಯಿಲ್ಲದ ಅವನನ್ನು ಅಕ್ಕನೇ ಎತ್ತಿ ಆಡಿಸಿ ಬೆಳೆಸಿದ್ದಳು. ಆ ಅಕ್ಕನಿಗೆ ಲಕ್ವ ಹೊಡೆಯಿತು. ಮಾತೊಂದು ಉಳಿದಿತ್ತು, ಮಗ್ಗುಲು ಬದಲಿಸುವ ಶಕ್ತಿಯಿರಲಿಲ್ಲ. ರಾಜಧಾನಿಯ ಆರೈಕೆ ಮನೆಯಲ್ಲಿ ಅವಳನ್ನು ಸೇರಿಸಿದ. ಎಲ್ಲಿಯೂ ಸಿಗದಂಥ ಆರೈಕೆ ಅವಳಿಗೆ ಸಿಗಬೇಕೆಂಬುದೊಂದೇ ಅವನ ಆಸೆ.

ಮಲಗಿದವರನ್ನು ಜಾವಕ್ಕೊಮ್ಮೆ ತಿರುಗಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಅದಕ್ಕೆ ಅವನೊಂದು ಉಪಾಯ ಹೂಡಿದ. ಪ್ರತಿ ಮಂಚದ ಕಾಲಿಗೂ ಒಂದು ದಾರ. ರೋಗಿಯನ್ನು ತಿರುಗಿಸಿದಾಗಲೆಲ್ಲ ದಾದಿ ಅದಕ್ಕೊಂದು ಗಂಟು ಹಾಕಬೇಕು. ಅರಸ ಬಹಳ ಮೆಚ್ಚಿದ. ನೆರೆಯ ಎರಡು ದೇಶಗಳಲ್ಲೂ ದಾರ ಕಟ್ಟಿಸಿದರು. ವರ್ಷ ಕಳೆದ ಮೇಲೆ ಯಾವ ದೇಶ ಮೇಲು ಎಂದು ನೋಡಿ ಬರಲು ಅವನನ್ನೇ ಕಳಿಸಿದರು.

ಒಂದು ದೇಶದಲ್ಲಿ ದಾರಗಳು ಹೆಚ್ಚುಕಡಿಮೆ ಬರಿದಾಗಿದ್ದವು. ದಾದಿಯೊಬ್ಬಳು ಮುದುಕನೊಬ್ಬನ ಮೈ ಒರೆಸುತ್ತಿದ್ದಳು. ಬೆನ್ನು ಒರೆಸಬೇಕು, ಇವರ ಭುಜ ಒಂದಿಷ್ಟು ಹಿಡಿದುಕೊಳ್ಳುತ್ತೀರಾ ಎಂದು ಅಧಿಕಾರಿಯನ್ನೇ ಕೇಳಿದಳು. ಅದು ತನ್ನ ಕೆಲಸವಲ್ಲವೆಂದು ಅವನು ಹಿಂದೆ ಸರಿದ. ಗಂಟು ಯಾಕಿಲ್ಲ ಎಂದದ್ದಕ್ಕೆ, ಕೈ ಯಾವಾಗಲೂ ಒದ್ದೆ, ಆಮೇಲೆ ಹಾಕೋಣವೆಂದರೆ ಮರೆತುಹೋಗುತ್ತದೆ ಎಂದಳು. ಆ ದೇಶ ಅವನ ಪಟ್ಟಿಯ ಕೊನೆಗೆ ಹೋಯಿತು.

ಅವನದೇ ದೇಶ ಮೊದಲನೆಯದಾಯಿತು. ಅರಸ ಅವನಿಗೆ ಶಾಲು ಹೊದಿಸಿದ. ಅವನು ಆ ಶಾಲನ್ನು ಮನೆಗೂ ಒಯ್ಯದೆ ನೇರ ಅಕ್ಕನ ಬಳಿ ಓಡಿದ. ಅವಳ ಮಂಚದ ದಾರದಲ್ಲಿ ಇನ್ನೊಂದು ಗಂಟಿಗೂ ಜಾಗವಿರಲಿಲ್ಲ. ಶಾಲು ಹೊದಿಸಲೆಂದು ಅವಳ ಬೆನ್ನಡಿ ಕೈ ಹಾಕಿದ. ಕೈ ಒದ್ದೆಯಾಯಿತು. ಮೆಲ್ಲಗೆ ಹೊರಳಿಸಿ ನೋಡಿದರೆ, ಹುಣ್ಣಿನ ಆಳದಲ್ಲಿ ಮೂಳೆ ಕಾಣುತ್ತಿತ್ತು.

ದಾದಿಯನ್ನು ಕೂಗಿ ಕರೆದ. ಅವಳು ಬಂದು ತಲೆ ತಗ್ಗಿಸಿ ನಿಂತಳು.

"ನಲವತ್ತು ಮಂಚಕ್ಕೆ ನಾವಿಬ್ರೇ ಇರೋದು, ಸ್ವಾಮಿ. ನೀವು ಬಂದಾಗೆಲ್ಲ ದಾರಾನೇ ನೋಡ್ತಿದ್ರಿ. ನಾವೂ ಅದನ್ನೇ ನೋಡ್ಕೊಂಡ್ವಿ."

ಅವನು ಮಂಚದ ಕಡೆ ತಿರುಗಿದ. ನನಗೆ ಒಂದು ಮಾತು ಹೇಳಬಾರದಿತ್ತೇ ಎಂದು ಅಕ್ಕನನ್ನು ಕೇಳಿದ.

"ಬಂದ ಕೂಡ್ಲೇ ಗಂಟು ಎಣಿಸಿ ಎಷ್ಟು ಖುಷಿ ಪಡ್ತಿದ್ದೆಯೋ ನೀನು," ಎಂದಳು ಅಕ್ಕ. "ಹೇಳೋಕೆ ಮನಸ್ಸು ಬರ್ಲಿಲ್ಲ."

ಆಮೇಲೆ ಅವಳು ಬದುಕಿದ್ದು ಒಂಬತ್ತು ದಿನ. ಅಷ್ಟೂ ದಿನ ಅವನೇ ತೊಳೆದ, ಅವನೇ ಮಗ್ಗುಲು ತಿರುಗಿಸಿದ. ಎಷ್ಟು ಸಲ ಎಂದು ಅವನಿಗೆ ಗೊತ್ತಿಲ್ಲ. ಆ ದುಃಖ ಅವನನ್ನು ಸಾಯುವತನಕ ಬಿಡಲಿಲ್ಲ.

ಕತೆ ಮುಗಿಯಿತು. ಶಿಷ್ಯ, ಹಾಗಾದರೆ ಅಳೆಯುವುದೇ ತಪ್ಪೇ ಎಂದು ಕೇಳಿದ.

ಗುರುಗಳು ಹೇಳಿದರು: "ಅಳೆಯಪ್ಪಾ, ಆದರೆ ಗುರುಬಸಯ್ಯನ ಬೆನ್ನನ್ನು ನೀನು ಕಡೆಯ ಸಲ ನೋಡಿದ್ದು ಯಾವತ್ತು?"

ಶಿಷ್ಯ ಎದ್ದು ಆರೈಕೆ ಮನೆಯ ಕಡೆ ನಡೆದ.