ಚಿಕ್ಕತಾಯಮ್ಮನ ಬೊಂಬೆ

ನದಿಯ ದಡದಲ್ಲಿ ಮರುಳಯ್ಯ ಎಂಬ ಗುರುಗಳಿದ್ದರು. ಅವರ ಆಶ್ರಮದಲ್ಲಿ ಮಂತ್ರ ಕಡಿಮೆ, ಹೊಲಿಗೆ ಹೆಚ್ಚು. ಊರವರು ಉಟ್ಟು ಬಿಟ್ಟ ಹಳೇ ಬಟ್ಟೆಯಲ್ಲಿ ಬೊಂಬೆ ಹೊಲಿದು, ಬಂದ ಮಕ್ಕಳ ಕೈಗೆ ಕೊಡುವುದೇ ಅಲ್ಲಿನ ಪೂಜೆ.

ವೇದಾಂತ ಕೇಳಲು ಬಂದವರಿಗೂ ಗುರುಗಳು ಮೊದಲು ಸೂಜಿ ದಾರ ಕೊಡುತ್ತಿದ್ದರು. ಅರ್ಧಕ್ಕರ್ಧ ಜನ ಅಲ್ಲಿಂದಲೇ ಓಟ ಕೀಳುತ್ತಿದ್ದರು.

ಓಡದೆ ಉಳಿದವನು ದ್ಯಾವಣ್ಣ. ಅವನ ಕೈ ಚುರುಕು, ಕಣ್ಣು ಇನ್ನೂ ಚುರುಕು. ಕಂಡದ್ದನ್ನೆಲ್ಲ ಬೊಂಬೆ ಮಾಡುತ್ತಿದ್ದ: ಬಲೆ ಬೀಸುವ ಬೆಸ್ತ, ಸೊಂಟದಲ್ಲಿ ತಮ್ಮನನ್ನು ಹೊತ್ತ ಹುಡುಗಿ, ಗಂಡನನ್ನು ಬಯ್ಯುತ್ತಲೇ ಬಟ್ಟೆ ಒಗೆಯುವ ಹೆಂಗಸು.

ಆಶ್ರಮಕ್ಕೆ ಹಳೇ ಬಟ್ಟೆ ತರುತ್ತಿದ್ದವಳು ಚಿಕ್ಕತಾಯಮ್ಮ ಎಂಬ ಮುದುಕಿ. ಮನೆಮನೆ ತಿರುಗಿ ಕೇಳಿ ತಂದದ್ದನ್ನು ಗಂಟು ಕಟ್ಟಿ, ಬೆನ್ನ ಮೇಲೆ ಹೇರಿಕೊಂಡು, ಹೊಳೆಯ ಮರಳು ದಾಟಿ ಬರುತ್ತಿದ್ದಳು. ಅವಳದು ಗೂನು ಬೆನ್ನು. ಗಂಟು ಇಳಿಸಿದ ಮೇಲೂ ಅದು ನೆಟ್ಟಗಾಗುತ್ತಿರಲಿಲ್ಲ.

ಒಂದು ಸೋಮವಾರ ಜಗಲಿಯ ಹಗ್ಗಕ್ಕೆ ದ್ಯಾವಣ್ಣ ಹೊಸ ಬೊಂಬೆ ತೂಗುಹಾಕಿದ. ಬಾಗಿದ ಬೆನ್ನು, ಎಳೆದು ಹಾಕುವ ಎಡಗಾಲು, ತುದಿ ಹರಿದ ಸೆರಗು.

“ಅಯ್ಯಯ್ಯೋ, ನಮ್ ಚಿಕ್ತಾಯಮ್ಮನೇ ಕಣ್ರೋ!” ಎಂದರು ಬಂದ ಜನ. ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂತು. ಮಕ್ಕಳು ಬೆನ್ನು ಬಗ್ಗಿಸಿ, ಕಾಲು ಎಳೆಯುತ್ತ ಅಂಗಳದ ತುಂಬ ನಡೆದರು.

“ಏನ್ ಕೈಯಯ್ಯಾ ನಿಂದು!” ಎಂದು ಒಬ್ಬರು ಭುಜ ತಟ್ಟಿದರು. ದ್ಯಾವಣ್ಣ ಉಬ್ಬಿಹೋದ.

ಅಷ್ಟರಲ್ಲಿ ಚಿಕ್ಕತಾಯಮ್ಮ ಗಂಟು ಹೊತ್ತು ಬಂದಳು.

ನಗು ನಿಂತಿತು. ತಡೆಯಲಾಗದ ಒಬ್ಬ ಬಾಯಿಗೆ ಟವೆಲ್ ಒತ್ತಿಕೊಂಡ. ಒಂದು ಮಗು ಮಾತ್ರ ಏನೂ ಅರಿಯದೆ ಅವಳ ಮುಂದೆಯೇ ಕಾಲು ಎಳೆದುಕೊಂಡು ಹೋಯಿತು.

ಅವಳು ಗಂಟು ಇಳಿಸಿದಳು. ಮಕ್ಕಳ ಕೈಗೆ ಎಟುಕಲೆಂದು ಕಟ್ಟಿದ ಹಗ್ಗ ಅದು, ಅವಳ ಕೈಗೂ ಎಟುಕಿತು. ಬೊಂಬೆಯ ಬೆನ್ನನ್ನು ಮೆಲ್ಲಗೆ ಸವರಿದಳು.

“ಯಾರಪ್ಪ ಮಾಡ್ದೋರು?”

“ನಾನೇ ಅಮ್ಮ.”

“ಬೆನ್ನು ನಂದೇ ಕಣಪ್ಪ,” ಎಂದಳು. ಹಾಗೇ ಹೊರಟುಹೋದಳು.

ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು ದ್ಯಾವಣ್ಣನಿಗೆ. ಹೊಗಳಿದವರೆಲ್ಲ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಹೊಗಳುವವರ ಸ್ವಭಾವವೇ ಹಾಗೆ.

ಮರುದಿನ ಅವಳು ಬಾರದಿದ್ದರೇ ವಾಸಿಯಿತ್ತು. ಬಂದಳು. ಕಾದ ಮರಳಿನಲ್ಲಿ, ಸುಡುಬಿಸಿಲಿನಲ್ಲಿ, ಬೆನ್ನು ಯಾರಿಗೂ ಕಾಣದ ಹಾಗೆ ಕಂಬಳಿ ಹೊದ್ದುಕೊಂಡು ಬಂದಳು. ಗಂಟು ಕಂಬಳಿಯ ಮೇಲಿತ್ತು. ಬೆವರು ಅವಳ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

ದ್ಯಾವಣ್ಣ ಓಡಿಹೋಗಿ ಅವಳ ಕಾಲಿಗೆ ಬಿದ್ದ.

“ತಪ್ಪಾಯ್ತು ಅಮ್ಮ.”

“ಏಳಪ್ಪ, ಬಟ್ಟೆ ಮಣ್ಣಾಯ್ತದೆ.”

ಎದ್ದವನು ಅಲ್ಲಿ ನಿಲ್ಲಲಾರದೆ ಆಶ್ರಮದ ಹಿಂದಕ್ಕೆ ಓಡಿದ. ಕಂಬಳಿ ಮಾತ್ರ ಅವಳ ಮೈಮೇಲೇ ಇತ್ತು. ಅದರ ಮರುದಿನವೂ ಇತ್ತು.

ಆಗ ಅವನು ಗುರುಗಳ ಹತ್ತಿರ ಹೋದ. ಅವರು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು.

“ಗುರುಗಳೇ, ನನಗೆ ನಾಚಿಕೆ ಆಗ್ತಿದೆ. ತಲೆ ಎತ್ತೋಕಾಗ್ತಿಲ್ಲ. ಇವತ್ತಿಂದ ಉಪವಾಸ ಮಾಡ್ತೀನಿ.”

“ನೀನು ಉಪವಾಸ ಇದ್ರೆ ಆಯಮ್ಮನಿಗೆ ಸೆಕೆ ಕಡಿಮೆ ಆಗ್ತದಾ?”

“ಹಾಗಾದ್ರೆ ಆ ಬೊಂಬೆ ಸುಟ್ಟುಬಿಡ್ತೀನಿ.”

“ಆ ಬಟ್ಟೆ ಹೊತ್ತು ತಂದೋಳು ಅವಳು. ಸುಡೋಕೆ ನೀನ್ಯಾರು?”

ದ್ಯಾವಣ್ಣನಿಗೆ ಆಗ ಹೊಳೆಯಿತು. ನಿಜವೇ. ಸೀರೆ, ಸೆರಗು, ಆ ಗೂನಿನ ಒಳಗೆ ಗಿಡಿದು ತುಂಬಿದ ಚಿಂದಿ, ಎಲ್ಲವೂ ಅವಳ ಗಂಟಿನಿಂದ ತೆಗೆದದ್ದು. ಅವಳು ಹೊತ್ತು ತಂದದ್ದರಲ್ಲೇ ಅವಳನ್ನು ಆಡಿಕೊಂಡಿದ್ದ. ಇದ್ದ ನಾಚಿಕೆ ಎರಡರಷ್ಟಾಯಿತು.

“ಬಿಚ್ಚಿ, ಬೆನ್ನು ನೆಟ್ಟಗೆ ಮಾಡಿ, ಆಯಮ್ಮನ ಕೈಗೇ ಕೊಟ್ಟು ಬರ್ತೀನಿ ಗುರುಗಳೇ.”

“ಯಾರೋ ಅದು, ನೆಟ್ಟಗಿರೋ ಚಿಕ್ಕತಾಯಮ್ಮ? ನನಗೆ ಗುರುತಿಲ್ಲ.”

ಗುರುಗಳು ಎದ್ದುಹೋಗಿ ಬೊಂಬೆ ತಂದರು. ಅದರ ಮುಖವನ್ನು ಅವನ ಕಡೆಗೆ ತಿರುಗಿಸಿ ಹಿಡಿದರು. ಕಪ್ಪು ದಾರದ ಎರಡು ಕಣ್ಣು, ಕೆಂಪು ದಾರದ ಒಂದು ಬಾಯಿ.

“ಇದು ಯಾರ ಮುಖ?”

ದ್ಯಾವಣ್ಣ ತಲೆ ತಗ್ಗಿಸಿದ. ಅವಸರದ ಕೆಲಸಕ್ಕೆಂದು ಒಂದಷ್ಟು ತಲೆಗಳನ್ನು ಮೊದಲೇ ಹೊಲಿದು ಬುಟ್ಟಿಗೆ ಹಾಕಿಡುವುದು ಅಲ್ಲಿನ ರೂಢಿ. ಬೆಸ್ತನ ಮುಖಕ್ಕಾಗಿ ಅವನು ದಿನಗಟ್ಟಲೆ ದಡದಲ್ಲಿ ಕೂತಿದ್ದ. ಇದಕ್ಕೆ ಬುಟ್ಟಿಗೆ ಕೈ ಹಾಕಿ ಸಿಕ್ಕಿದ ತಲೆ ಎತ್ತಿ ಹೊಲಿದಿದ್ದ.

“ಯಾರದೂ ಅಲ್ಲ ಗುರುಗಳೇ. ಬುಟ್ಟೀಲಿತ್ತು.”

ಗುರುಗಳು ಆ ಮುಖದ ದಾರವನ್ನೆಲ್ಲ ಬಿಚ್ಚಿ ತೆಗೆದರು. ಬರೀ ಬಟ್ಟೆ ಉಳಿಯಿತು. ಪೋಣಿಸಿದ ಸೂಜಿಯನ್ನು ಅವನ ಕೈಗೆ ಕೊಟ್ಟರು.

“ಹೊಲಿ, ಆಯಮ್ಮನ ಮುಖ.”

ದ್ಯಾವಣ್ಣ ಸೂಜಿ ಹಿಡಿದು ಕೂತ. ಮೂಗುಬಟ್ಟು ಇದೆಯೋ ಇಲ್ಲವೋ. ಹಣೆಯಲ್ಲಿ ಕುಂಕುಮವೋ, ವಿಭೂತಿಯೋ, ಬರಿದೋ. ಅವಳ ಸೆರಗು ಎಲ್ಲೆಲ್ಲಿ ಹರಿದಿದೆ ಎಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳಿಯಾನು. ಅವಳ ಕಣ್ಣು ಹೇಗಿವೆ ಎಂದು ಅವನಿಗೆ ಗೊತ್ತಿರಲಿಲ್ಲ.

ಸೂಜಿ ಬಟ್ಟೆಗೆ ಇಳಿಯಲಿಲ್ಲ. ಅವನಿಗೆ ಅಳು ಬಂತು.

“ನಾನು ಇಲ್ಲಿಗೆ ಬಂದಾಗಿಂದ ಆಯಮ್ಮನ ಗಂಟು ಇಳಿಸಿಕೊಳ್ತಾ ಇದ್ದೀನಿ ಗುರುಗಳೇ. ಒಂದು ಸಲನೂ ನೋಡಿಲ್ಲ.”

“ನಿನ್ನೆ ಕಾಲಿಗೆ ಬಿದ್ಯಲ್ಲ. ಆಗ?”

“ನಾಚಿಕೆಗೆ ಕಣ್ಣು ಮುಚ್ಕೊಂಡಿದ್ದೆ.”

“ಸರಿಹೋಯ್ತು. ಆ ನಾಚಿಕೆನೂ ನೀನೇ ಇಟ್ಕೊಂಡೆ. ಆಯಮ್ಮನಿಗೇನು ಸಿಕ್ತು?”

ದೂರದಲ್ಲಿ ಹೊಂಗೆ ಮರದಡಿ ಚಿಕ್ಕತಾಯಮ್ಮ ಗಂಟು ಇಳಿಸಿ ದಣಿವಾರಿಸಿಕೊಳ್ಳುತ್ತ ನಿಂತಿದ್ದಳು. ಕಂಬಳಿ ಹೊದ್ದೇ ಇದ್ದಳು.

“ಆ ಕಂಬಳಿ ಆಯಮ್ಮನ ಮೈಮೇಲಿಂದ ಹೇಗೆ ಇಳಿಯತ್ತೆ ಗುರುಗಳೇ? ಅದೊಂದು ಹೇಳಿ.”

“ಕಂಬಳಿ ಆಮೇಲೆ. ನಾನು ಕೇಳಿದ್ದು ಮುಖ.”

“ಆಯಮ್ಮ ಯಾವಾಗ್ಲೂ ಬಗ್ಗಿಕೊಂಡೇ ಇರ್ತಾರೆ. ಅವರ ಮುಖ ಯಾರಿಗೂ ಕಾಣಲ್ಲ.”

ಗುರುಗಳು ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದು ಅವನ ಕೈಗೆ ಕೊಟ್ಟರು.

“ನೆಲದ ಮೇಲೆ ಕೂತೋರಿಗೆ ಕಾಣ್ತದೆ. ಹೋಗು.”